ನೀಲಿಯೆಲ್ಲ ನಾರಲ್ಲ: ಯಕೃತ್ತಿನ ಫೈಬ್ರೋಸಿಸ್ ಹಂತ ನಿರ್ಧಾರದ ಒಂದು ಪ್ರಕರಣ

ಬಯಾಪ್ಸಿಯ ಜೊತೆಗೆ ಬಂದ ರಿಕ್ವೆಸ್ಟ್ ಫಾರ್ಮಿನಲ್ಲಿ ಬರೆದಿದ್ದದ್ದು ಇಷ್ಟೇ: ಮಹಿಳೆ, 46 ವರ್ಷ, ಎಂಟು ವರ್ಷಗಳಿಂದ ಮಧುಮೇಹ, ಫ್ಯಾಟಿ ಲಿವರ್, ಸಿರೋಸಿಸ್ ಶಂಕೆ, ದಯವಿಟ್ಟು ಫೈಬ್ರೋಸಿಸ್‌ನ ಹಂತ ತಿಳಿಸಿ. ಫೈಬ್ರೋಸಿಸ್ ಎಂದರೆ ಯಕೃತ್ತಿನಲ್ಲಿ ನಾರು ಬೆಳೆಯುವುದು, ಸಿರೋಸಿಸ್ ಅದರ ಕೊನೆಯ, ಗಂಟುಗಟ್ಟಿದ ಹಂತ. ಯಕೃತ್ತಿನ ಬಯಾಪ್ಸಿಗಳು ಪೆಥಾಲಜಿಸ್ಟ್‌ಗಳಾದ ನಮ್ಮ ಕೈಗೆ ಹೀಗೆ ಬರುವುದು ಹೊಸದೇನಲ್ಲ. ರೋಗ ಯಾವುದೆಂಬುದು ಮೊದಲೇ ತೀರ್ಮಾನವಾಗಿರುತ್ತದೆ, ನಮ್ಮಿಂದ ಬೇಕಾಗಿರುವುದು ಒಂದು ಅಂಕಿ. ಆ ಅಂಕಿಯನ್ನು ನಾನು ಮೊದಲ ದಿನ ತಪ್ಪಾಗಿ ಓದಿದ್ದೆ. ಆ ತಪ್ಪು ವರದಿಯಾಗಿ ಹೊರಗೆ ಹೋಗಿದ್ದರೆ, ಔಷಧಿಯಿಂದ ಹತೋಟಿಗೆ ತರಬಹುದಾದ ಕಾಯಿಲೆಯೊಂದು ಬೇರೆಯದೇ ಹೆಸರು ಹೊತ್ತು ಚಿಕಿತ್ಸೆಯಿಲ್ಲದೆ ಮುಂದುವರಿಯುತ್ತಿತ್ತು. ಆದ್ದರಿಂದಲೇ ಈ ಪ್ರಕರಣವನ್ನು ವಿವರವಾಗಿ ಬರೆಯುತ್ತಿದ್ದೇನೆ. ರೋಗಿಯ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ರೋಗಿಯ ಹಿನ್ನೆಲೆ

ಆರು ವಾರಗಳಿಂದ ವಿಪರೀತ ಸುಸ್ತು, ಹಸಿವಿಲ್ಲದಿರುವುದು, ಕೊನೆಯ ಹತ್ತು ದಿನಗಳಿಂದ ಕಣ್ಣು ಹಳದಿಯಾಗಿರುವುದು ಆಕೆಯ ತೊಂದರೆಗಳಾಗಿದ್ದವು. ದೇಹತೂಕ ಸೂಚ್ಯಂಕ 31. ಮದ್ಯಪಾನದ ಅಭ್ಯಾಸವಿರಲಿಲ್ಲ. ಯಕೃತ್ತಿನ ಕೋಶಗಳಿಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಎಎಲ್‌ಟಿ 412, ಎಎಸ್‌ಟಿ 468, ಬಿಲಿರುಬಿನ್ 4.2, ಆಲ್ಬುಮಿನ್ 3.4, ರಕ್ತ ಹೆಪ್ಪುಗಟ್ಟುವಿಕೆಯ ಅಳತೆಯಾದ ಐಎನ್‌ಆರ್ 1.3, ಪ್ಲೇಟ್‌ಲೆಟ್ 1.92 ಲಕ್ಷ. ಹೆಪಟೈಟಿಸ್ ಎ, ಬಿ, ಸಿ, ಇ ವೈರಸ್‌ಗಳ ಪರೀಕ್ಷೆಗಳು ನೆಗೆಟಿವ್. ಅಲ್ಟ್ರಾಸೌಂಡಿನಲ್ಲಿ ಯಕೃತ್ತು ಕೊಬ್ಬು ತುಂಬಿದಂತೆಯೂ ತುಸು ಒರಟಾಗಿಯೂ ಕಂಡಿತ್ತು. ಎಲಾಸ್ಟೋಗ್ರಫಿಯಲ್ಲಿ ಯಕೃತ್ತಿನ ಬಿಗಿತ 17.8 ಕಿಲೋಪಾಸ್ಕಲ್ ಬಂದಿತ್ತು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಬಂದದ್ದನ್ನು ಸಾವಿರಗಳಲ್ಲಿ ಎಣಿಸಿದ ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಿದರೆ ಸಿಗುವ ಫಿಬ್-4 ಅಂಕ ಈಕೆಯಲ್ಲಿ 5.5. ಫ್ಯಾಟಿ ಲಿವರ್ ಇರುವವರಲ್ಲಿ 2.67ಕ್ಕಿಂತ ಹೆಚ್ಚಿದ್ದರೆ ಮುಂದುವರಿದ ಫೈಬ್ರೋಸಿಸ್ ಇರುವ ಸಾಧ್ಯತೆ ಹೆಚ್ಚು ಎಂದು ತಿಳಿಯುವುದು ವಾಡಿಕೆ. ಸ್ಕ್ಯಾನ್, ಬಿಗಿತ, ರಕ್ತದ ಲೆಕ್ಕ, ಮೂರೂ ಒಂದೇ ದಿಕ್ಕಿಗೆ ಬೆರಳು ತೋರುತ್ತಿದ್ದುದರಿಂದ ಚಿಕಿತ್ಸಕರಿಗೆ ಸಿರೋಸಿಸ್ ಶಂಕೆ ಬಂದದ್ದು ಸಹಜ.

ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಅಂಗಗಳ ಮೇಲೆಯೇ ಎರಗುತ್ತಿದೆಯೇ ಎಂದು ಸೂಚಿಸುವ ಆಂಟಿನ್ಯೂಕ್ಲಿಯರ್ ಆಂಟಿಬಾಡಿ ಮತ್ತು ಐಜಿಜಿ ಪರೀಕ್ಷೆಗಳಿಗೆ ರಕ್ತ ಕಳುಹಿಸಲಾಗಿತ್ತು, ಫಲಿತಾಂಶ ಬಂದಿರಲಿಲ್ಲ. ಫಾರ್ಮಿನಲ್ಲಿ ಅದರ ಉಲ್ಲೇಖವೂ ಇರಲಿಲ್ಲ.

ಮಾದರಿ ಮತ್ತು ಮೊದಲ ಓದು

16 ಗೇಜ್ ಸೂಜಿಯಿಂದ ತೆಗೆದ ಎರಡು ತುಂಡುಗಳು ಬಂದಿದ್ದವು, ಒಂದು 14 ಮಿಲಿಮೀಟರ್, ಇನ್ನೊಂದು 8. ಒಟ್ಟು 22 ಮಿಲಿಮೀಟರ್ ಉದ್ದ, ಪೂರ್ಣವಾಗಿ ಕಾಣುವ 12 ಪೋರ್ಟಲ್ ಟ್ರ್ಯಾಕ್ಟ್‌ಗಳು (ರಕ್ತನಾಳಗಳೂ ಪಿತ್ತನಾಳವೂ ಒಟ್ಟಾಗಿ ಸಾಗುವ ಹಾದಿಗಳು). ಎರಡು ಸೆಂಟಿಮೀಟರ್‌ಗೆ ಕಡಿಮೆಯಿಲ್ಲದ ಉದ್ದ ಮತ್ತು ಕನಿಷ್ಠ 11 ಪೋರ್ಟಲ್ ಟ್ರ್ಯಾಕ್ಟ್ ಇದ್ದರೆ ಹಂತ ಹೇಳಲು ಮಾದರಿ ಸಾಕು ಎಂಬ ರೂಢಿಯ ಅಳತೆಗೆ ಇದು ಸರಿಹೊಂದುತ್ತಿತ್ತು. ಸಾಕು ಎಂಬ ಮಾತನ್ನು ಇಲ್ಲಿ ಎಚ್ಚರದಿಂದಲೇ ಹೇಳಬೇಕು. ಸೂಜಿ ಬಯಾಪ್ಸಿಯಲ್ಲಿ ನಮಗೆ ಸಿಗುವುದು ಯಕೃತ್ತಿನ ಸುಮಾರು ಐವತ್ತು ಸಾವಿರದಲ್ಲಿ ಒಂದು ಭಾಗ. ಹೆಪಟೈಟಿಸ್ ಸಿ ರೋಗಿಗಳ ಯಕೃತ್ತಿನ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 15 ಮಿಲಿಮೀಟರ್ ಉದ್ದದ ಮಾದರಿಗಳಲ್ಲಿ ಶೇ 65ರಷ್ಟು, 25 ಮಿಲಿಮೀಟರ್ ಉದ್ದದವುಗಳಲ್ಲಿ ಶೇ 75ರಷ್ಟು ಮಾತ್ರ ಸರಿಯಾದ ಹಂತಕ್ಕೆ ಸೇರಿದ್ದವು. ಒಳ್ಳೆಯ ಮಾದರಿಯಲ್ಲೂ ನಾಲ್ಕರಲ್ಲಿ ಒಂದು ಸಲ ಸೂಜಿ ಹೋದ ಜಾಗವೇ ನಮ್ಮನ್ನು ದಾರಿ ತಪ್ಪಿಸಬಲ್ಲದು. ಓದುವವರ ತಪ್ಪು ಇದಕ್ಕೆ ಇನ್ನೂ ಸೇರಿಲ್ಲ.

ಎಲ್ಲ ಬಯಾಪ್ಸಿಗಳಿಗೂ ಹಾಕುವ ಸಾಮಾನ್ಯ ಬಣ್ಣವಾದ ಹೆಮಟಾಕ್ಸಿಲಿನ್-ಇಯೋಸಿನ್ ಸ್ಲೈಡಿನಲ್ಲಿ ಪೋರ್ಟಲ್ ಟ್ರ್ಯಾಕ್ಟ್‌ಗಳು ಉರಿಯೂತದ ಕೋಶಗಳಿಂದ ತುಂಬಿ ಹಿಗ್ಗಿದ್ದವು. ಅಂಚಿನ ಹೆಪಟೋಸೈಟ್‌ಗಳ (ಯಕೃತ್ತಿನ ಮುಖ್ಯ ಕೋಶಗಳ) ಸಾಲು ಹಲವು ಕಡೆ ಕೊರೆದುಹೋಗಿತ್ತು. ರಕ್ತ ಹೊರಕ್ಕೆ ಹರಿಯುವ ಕೇಂದ್ರ ಸಿರೆಗಳ ಸುತ್ತ ಹೆಪಟೋಸೈಟ್‌ಗಳು ಬಿದ್ದುಹೋಗಿ ಖಾಲಿ ಜಾಗ ಉಳಿದಿತ್ತು, ಅಲ್ಲಿ ಒಂದಿಷ್ಟು ಲಿಂಫೋಸೈಟ್‌ಗಳು ಮತ್ತು ಕಂದು ಪುಡಿ ನುಂಗಿದ ಮ್ಯಾಕ್ರೋಫೇಜ್‌ಗಳಿದ್ದವು. ಕೊಬ್ಬು ಇತ್ತು, ಆದರೆ ಶೇ 15ಕ್ಕಿಂತ ಹೆಚ್ಚಿರಲಿಲ್ಲ. ನಂತರ ನಾರನ್ನು ನೀಲಿಯಾಗಿ ತೋರಿಸುವ ಮ್ಯಾಸನ್ ಟ್ರೈಕ್ರೋಮ್ ಸ್ಲೈಡ್ ಇಟ್ಟಾಗ ಕಡಿಮೆ ವರ್ಧನೆಯಲ್ಲೇ ನೀಲಿ ಪಟ್ಟಿಗಳು ಎದ್ದು ಕಂಡವು. ಪೋರ್ಟಲ್ ಟ್ರ್ಯಾಕ್ಟಿನಿಂದ ಕೇಂದ್ರ ಸಿರೆಗೆ, ಒಂದು ಕೇಂದ್ರ ಸಿರೆಯಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿದಂತೆ ಪಟ್ಟಿಗಳು, ಅವುಗಳ ನಡುವೆ ಕೆಂಪಾಗಿ ಉಳಿದ ಹೆಪಟೋಸೈಟ್‌ಗಳ ದ್ವೀಪಗಳು. ಎರಡು ಕಡೆ ಆ ದ್ವೀಪಗಳು ದುಂಡಗೆ, ಗಂಟಿನಂತೆ ಕಂಡವು. ನಾನು ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಇಶಾಕ್ 5/6, ಅಂದರೆ ಆರರಲ್ಲಿ ಐದನೆಯ ಹಂತ, ಎಂದು ಬರೆದೆ.

1995ರ ಇಶಾಕ್ ಪದ್ಧತಿಯಲ್ಲಿ 1 ಮತ್ತು 2 ಎಂದರೆ ಪೋರ್ಟಲ್ ಟ್ರ್ಯಾಕ್ಟ್‌ಗಳು ನಾರಿನಿಂದ ಹಿಗ್ಗಿರುವುದು, ಮೊದಲನೆಯದರಲ್ಲಿ ಕೆಲವು, ಎರಡನೆಯದರಲ್ಲಿ ಹೆಚ್ಚಿನವು. 3 ಎಂದರೆ ಅಲ್ಲೊಂದು ಇಲ್ಲೊಂದು ಪೋರ್ಟಲ್-ಪೋರ್ಟಲ್ ಸೇತುವೆ. 4ರಲ್ಲಿ ಸೇತುವೆಗಳು ಢಾಳಾಗಿ, ಕೇಂದ್ರ ಸಿರೆಗಳನ್ನೂ ಮುಟ್ಟಿರುತ್ತವೆ. 5ರಲ್ಲಿ ಅಲ್ಲಲ್ಲಿ ಗಂಟುಗಳು ಕಾಣಿಸಿಕೊಳ್ಳುತ್ತವೆ, 6 ಎಂದರೆ ಸಿರೋಸಿಸ್. ಈ ಅಳತೆಗೋಲಿನ ಮೇಲೆ ಇಟ್ಟು ನೋಡಿದರೆ ನಾನು ಬರೆದ 5 ಕಣ್ಣಿಗೆ ಕಂಡ ಚಿತ್ರಕ್ಕೆ ಸರಿಯಾಗಿಯೇ ಹೊಂದುತ್ತಿತ್ತು. ಆದರೆ ಈ ಅಳತೆಗೋಲನ್ನು ರಚಿಸಿದ್ದು ದೀರ್ಘಕಾಲದ ಹೆಪಟೈಟಿಸ್‌ಗಾಗಿ. ಮೆಟಾವಿರ್ ಎಂಬ ಇನ್ನೊಂದು ಪದ್ಧತಿಯ ಎಫ್0ಯಿಂದ ಎಫ್4ರವರೆಗಿನ ಹಂತಗಳ ಮಾತೂ ಅದೇ. ಫ್ಯಾಟಿ ಲಿವರ್‌ಗೆ 2005ರಿಂದ ಬಳಕೆಯಲ್ಲಿರುವ ಪದ್ಧತಿಯಲ್ಲಿ ಹಂತ 1 ಕೇಂದ್ರ ಸಿರೆಯ ಸುತ್ತಲ ಸೈನುಸಾಯ್ಡ್‌ಗಳಿಂದ (ಕಿರಿದಾದ ರಕ್ತದ ಹಾದಿಗಳಿಂದ) ಶುರುವಾಗುವುದೇ ಹೆಚ್ಚು, ಏಕೆಂದರೆ ಆ ಕಾಯಿಲೆಯಲ್ಲಿ ನಾರು ಅಲ್ಲಿಂದಲೇ ಬೆಳೆಯುತ್ತದೆ. ಕಾಣುವ ಪಟ್ಟಿ ತಿಂಗಳು, ವರ್ಷಗಳಲ್ಲಿ ಬೆಳೆದ ನಾರು ಎಂಬ ನಂಬಿಕೆಯ ಮೇಲೆಯೇ ಈ ಪದ್ಧತಿಗಳೆಲ್ಲ ನಿಂತಿವೆ. ಆ ನಂಬಿಕೆ ಈ ಯಕೃತ್ತಿಗೆ ಸಲ್ಲುತ್ತದೆಯೇ ಎಂದು ನಾನು ಕೇಳಿಕೊಂಡಿರಲಿಲ್ಲ.

ಅನುಮಾನ ಹುಟ್ಟಿದ ಬಗೆ

ವರದಿಯನ್ನು ಟೈಪ್ ಮಾಡುವ ಮುನ್ನ ಅದೇ ಟ್ರೈಕ್ರೋಮ್ ಸ್ಲೈಡನ್ನು ಇನ್ನೊಮ್ಮೆ ನೋಡಿದೆ. ನನ್ನನ್ನು ತಡೆದದ್ದು ಬಣ್ಣ. ಪೋರ್ಟಲ್ ಟ್ರ್ಯಾಕ್ಟಿನೊಳಗೆ ರಕ್ತನಾಳದ ಸುತ್ತ ಇದ್ದ ಕೊಲಾಜನ್ (ನಾರಿನ ಪ್ರೋಟೀನ್) ಗಾಢ ನೀಲಿ, ಹೊಲಿಗೆಯ ನೂಲಿನಂತೆ ದಟ್ಟವಾಗಿ, ಅಂಚು ಸ್ಪಷ್ಟವಾಗಿ ಇತ್ತು. ಅಲ್ಲಿಂದ ಕೇಂದ್ರ ಸಿರೆಯತ್ತ ಸಾಗಿದ ಪಟ್ಟಿಯೋ ಬೂದು ಬೆರೆತ ತಿಳಿ ನೀಲಿ, ನೀರು ಹೆಚ್ಚಾದ ಬಣ್ಣದ ಹಾಗೆ. ಎಳೆಗಳು ಸಡಿಲವಾಗಿದ್ದವು, ನಡುನಡುವೆ ಕೆಂಪು ರಕ್ತಕಣಗಳು ಸಿಕ್ಕಿಕೊಂಡಿದ್ದವು, ಪಟ್ಟಿಯ ಅಂಚು ಪಕ್ಕದ ಹೆಪಟೋಸೈಟ್‌ಗಳೊಳಗೆ ಕರಗಿಹೋಗುತ್ತಿತ್ತು. ಒಂದೇ ಸ್ಲೈಡಿನಲ್ಲಿ, ಒಂದೇ ಬಣ್ಣದ ಪಾತ್ರೆಯಲ್ಲಿ ಅದ್ದಿದ ಅಂಗಾಂಶದಲ್ಲಿ ಎರಡು ನೀಲಿಗಳು ಇರಬೇಕಾದರೆ, ಅಲ್ಲಿ ಎರಡು ಬಗೆಯ ವಸ್ತುಗಳಿರಬೇಕು.

ಗಂಟಿನಂತೆ ಕಂಡ ದ್ವೀಪಗಳೂ ಹತ್ತಿರದಿಂದ ನೋಡಿದಾಗ ಬೇರೆಯದೇ ಮಾತು ಹೇಳಿದವು. ನಿಜವಾದ ಗಂಟಿನಲ್ಲಿ ಹೆಪಟೋಸೈಟ್‌ಗಳು ಒಳಗಿನಿಂದ ಬೆಳೆದು, ಸುತ್ತಲಿನ ನಾರನ್ನು ಒತ್ತಿ ಸರಿಸಿರುತ್ತವೆ. ಇಲ್ಲಿ ಸುತ್ತಲಿನವು ಸತ್ತು, ನಡುವಿನವು ಉಳಿದಿದ್ದವು, ಅಷ್ಟೇ. 8 ಮಿಲಿಮೀಟರ್ ತುಂಡಿನ ತುದಿಯಲ್ಲಿ ಢಾಳಾಗಿ ಕಂಡ ನೀಲಿ ಯಕೃತ್ತಿನ ಹೊರಕವಚವೆಂದೂ ಆಗಲೇ ಗೊತ್ತಾಯಿತು. ಕವಚದಿಂದ ಒಳಕ್ಕೆ ಕೆಲವು ಮಿಲಿಮೀಟರ್‌ವರೆಗೆ ನಾರಿನ ಪಟ್ಟಿಗಳು ಇಳಿದಿರುವುದು ಆರೋಗ್ಯವಂತರಲ್ಲೂ ಇರುವುದರಿಂದ ಆ ಭಾಗವನ್ನು ಹಂತದ ಲೆಕ್ಕದಿಂದ ಬಿಟ್ಟೆ.

ಮರುದಿನ ರೆಟಿಕ್ಯುಲಿನ್ ಸ್ಲೈಡ್ ಕೈಗೆ ಬಂತು. ಬೆಳ್ಳಿಯ ಲವಣದಿಂದ ಮಾಡುವ ಈ ಬಣ್ಣದಲ್ಲಿ ಹೆಪಟೋಸೈಟ್‌ಗಳ ಸಾಲುಗಳನ್ನು ಹಿಡಿದಿಟ್ಟಿರುವ ನವಿರಾದ ಜಾಲ ಕಪ್ಪಾಗಿ ಕಾಣುತ್ತದೆ. ಆ ಜಾಲದ ಬಹುಭಾಗ ಮೂರನೆಯ ಬಗೆಯ ಕೊಲಾಜನ್. ಪಟ್ಟಿಗಳಿದ್ದ ಜಾಗದಲ್ಲಿ ಕಪ್ಪು ಎಳೆಗಳು ಒಂದಕ್ಕೊಂದು ಒತ್ತಿಕೊಂಡು, ಸಮಾನಾಂತರವಾಗಿ, ಬಹಳ ಹತ್ತಿರ ಹತ್ತಿರ ನಿಂತಿದ್ದವು. ಹಣ್ಣು ತುಂಬಿದ ಬಲೆಯ ಚೀಲದಿಂದ ಹಣ್ಣುಗಳನ್ನು ತೆಗೆದರೆ ಚೀಲ ಕುಸಿದು ಹಗ್ಗದಂತಾಗುತ್ತದೆ. ದಾರ ಒಂದೆಳೆಯೂ ಹೆಚ್ಚಾಗಿರುವುದಿಲ್ಲ, ಒಳಗಿದ್ದದ್ದು ಮಾತ್ರ ಇರುವುದಿಲ್ಲ. ಹೆಪಟೋಸೈಟ್‌ಗಳು ಒಟ್ಟಾಗಿ ಸತ್ತಾಗ ಯಕೃತ್ತಿನ ಜಾಲಕ್ಕೆ ಆಗುವುದೂ ಅದೇ. ಇದನ್ನೇ ಕುಸಿತ ಎನ್ನುತ್ತೇವೆ. ಟ್ರೈಕ್ರೋಮ್‌ನಲ್ಲಿ ಈ ಕುಸಿದ ಜಾಲವೂ ತಿಳಿಯಾಗಿ ನೀಲಿ ಹಿಡಿಯುತ್ತದೆ. ಅವಸರದ ಕಣ್ಣಿಗೆ ಅದು ನಾರು.

ಕುಸಿತಕ್ಕೂ ಫೈಬ್ರೋಸಿಸ್‌ಗೂ ಇರುವ ವ್ಯತ್ಯಾಸ ಕಾಲದ್ದು. ಯಕೃತ್ತಿನ ಸೈನುಸಾಯ್ಡ್‌ಗಳ ಗೋಡೆಗೂ ಹೆಪಟೋಸೈಟ್‌ಗಳಿಗೂ ನಡುವಿನ ಕಿರಿದಾದ ಜಾಗದಲ್ಲಿ ಎ ವಿಟಮಿನ್ ಕೂಡಿಟ್ಟುಕೊಂಡು ಇರುವ ಸ್ಟೆಲೇಟ್ ಕೋಶಗಳು, ಗಾಯ ಮತ್ತೆ ಮತ್ತೆ ಆಗುತ್ತಿದ್ದಾಗ ಆ ಸಂಗ್ರಹವನ್ನು ಬಿಟ್ಟುಕೊಟ್ಟು ಕೊಲಾಜನ್ ಹೆಣೆಯಲು ತೊಡಗುತ್ತವೆ. ಹೊಸ ಕೊಲಾಜನ್ ಎಳೆಗಳು ದಪ್ಪವಾಗಿ, ಪರಸ್ಪರ ಬೆಸೆದುಕೊಂಡು, ಕೊನೆಕೊನೆಗೆ ಎಲಾಸ್ಟಿಕ್ ಎಳೆಗಳೂ ಅವುಗಳೊಳಗೆ ಸೇರುತ್ತವೆ. ಎಲಾಸ್ಟಿಕ್ ಎಳೆ ಸೇರಲು ತಿಂಗಳುಗಳೇ ಬೇಕು. ಹಾಗಾಗಿ ಎಲಾಸ್ಟಿಕ್ ಎಳೆಯನ್ನು ತೋರಿಸುವ ಬಣ್ಣವೊಂದಿದ್ದರೆ ಪಟ್ಟಿ ಹಳೆಯದೋ ಹೊಸದೋ ಎಂದು ಕೇಳಬಹುದು. ಓರ್ಸೀನ್ ಅಂಥ ಬಣ್ಣ, ವಿಕ್ಟೋರಿಯಾ ಬ್ಲೂ ಇನ್ನೊಂದು. ಹೆಪಟೈಟಿಸ್ ಬಿ ವೈರಸ್ಸಿನ ಮೇಲ್ಮೈ ಪ್ರೋಟೀನನ್ನೂ ತಾಮ್ರಕ್ಕೆ ಅಂಟಿದ ಪ್ರೋಟೀನನ್ನೂ ತೋರಿಸುವ ಓರ್ಸೀನ್ ಒಂದು ಕಾಲಕ್ಕೆ ಯಕೃತ್ತಿನ ಬಯಾಪ್ಸಿಗಳಿಗೆ ಬಹಳ ಬಳಕೆಯಲ್ಲಿತ್ತು. ಆಂಟಿಬಾಡಿಗಳಿಂದ ಪ್ರೋಟೀನುಗಳನ್ನು ಗುರುತಿಸುವ ಇಮ್ಯುನೋಹಿಸ್ಟೋಕೆಮಿಸ್ಟ್ರಿ ಬಂದ ಮೇಲೆ ಹಲವು ಪ್ರಯೋಗಾಲಯಗಳು ಅದನ್ನು ಕೈಬಿಟ್ಟಿವೆ. ಹಂತ ಹೇಳುವ ಕೆಲಸದಲ್ಲಿ ಅದು ಇವತ್ತಿಗೂ ಬೇಕಾದ ಬಣ್ಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಓರ್ಸೀನ್ ಸ್ಲೈಡಿನಲ್ಲಿ ಮೊದಲು ನೋಡಬೇಕಾದದ್ದು ಪೋರ್ಟಲ್ ಟ್ರ್ಯಾಕ್ಟ್‌ಗಳನ್ನು. ಅಲ್ಲಿ ಎಲಾಸ್ಟಿಕ್ ಎಳೆಗಳು ಎಲ್ಲರಲ್ಲೂ ಇರುವುದರಿಂದ ಅದೇ ನಮ್ಮ ಕಂಟ್ರೋಲ್. ಅಲ್ಲಿ ಕಂದು ಬಂದಿಲ್ಲದಿದ್ದರೆ ಸ್ಲೈಡನ್ನೇ ನಂಬುವಂತಿಲ್ಲ. ಈಕೆಯ ಪೋರ್ಟಲ್ ಟ್ರ್ಯಾಕ್ಟ್‌ಗಳಲ್ಲಿ ಕೂದಲೆಳೆಯಂಥ ಕಂದು ಗೆರೆಗಳು ಚೆನ್ನಾಗಿಯೇ ಬಂದಿದ್ದವು. ಅಲ್ಲಿಂದ ಆ ಪಟ್ಟಿಗಳ ಜಾಡು ಹಿಡಿದು ಒಂದೊಂದನ್ನೂ ಕೊನೆಯವರೆಗೆ ನೋಡಿದೆ. ಟ್ರ್ಯಾಕ್ಟಿನ ಅಂಚು ದಾಟುತ್ತಿದ್ದಂತೆ ಕಂದು ನಿಂತುಹೋಗುತ್ತಿತ್ತು. ಕೇಂದ್ರ ಸಿರೆಗೆ ಹೋದ ಒಂದು ಪಟ್ಟಿಯಲ್ಲೂ ಎಲಾಸ್ಟಿಕ್ ಎಳೆ ಇರಲಿಲ್ಲ. ಹೆಚ್ಚಿನ ಪೋರ್ಟಲ್ ಟ್ರ್ಯಾಕ್ಟ್‌ಗಳು ಸ್ವಲ್ಪ ಹಿಗ್ಗಿದ್ದವು, ಅವುಗಳಲ್ಲಿ ಎರಡರಿಂದ ಮಾತ್ರ ಗಿಡ್ಡ ಮುಳ್ಳಿನಂತೆ ಕಂದು ಎಳೆಗಳು ಹೊರಕ್ಕೆ ಚಾಚಿದ್ದವು. ಈ ಯಕೃತ್ತಿನಲ್ಲಿ ನಿಜವಾಗಿ ಇದ್ದ ಹಳೆಯ ನಾರು ಅಷ್ಟೇ. ಇಶಾಕ್ ಲೆಕ್ಕದಲ್ಲಿ 2.

ಕಾರಣದತ್ತ

ಪಟ್ಟಿಗಳು ಕುಸಿತವೆಂದಾದ ಮೇಲೆ ಕೇಳಬೇಕಾದ ಪ್ರಶ್ನೆಯೇ ಬದಲಾಯಿತು. ಇಷ್ಟೊಂದು ಹೆಪಟೋಸೈಟ್‌ಗಳನ್ನು ಕೆಲವೇ ವಾರಗಳಲ್ಲಿ ಕೊಂದದ್ದು ಯಾವುದು? ಫ್ಯಾಟಿ ಲಿವರ್ ಹೀಗೆ ಕೊಲ್ಲುವುದಿಲ್ಲ. ಹೆಮಟಾಕ್ಸಿಲಿನ್-ಇಯೋಸಿನ್ ಸ್ಲೈಡಿಗೆ ಹಿಂದಿರುಗಿ ಹೆಚ್ಚಿನ ವರ್ಧನೆಯಲ್ಲಿ ನೋಡಿದಾಗ, ಮೊದಲ ದಿನ ಉರಿಯೂತದ ಕೋಶಗಳು ಎಂದು ಒಟ್ಟಾಗಿ ಬರೆದಿದ್ದ ಗುಂಪಿನಲ್ಲಿ ಆಂಟಿಬಾಡಿ ತಯಾರಿಸುವ ಪ್ಲಾಸ್ಮಾ ಕೋಶಗಳ ಗೊಂಚಲುಗಳಿದ್ದವು, ಪೋರ್ಟಲ್ ಅಂಚಿನಲ್ಲೂ ಕೇಂದ್ರ ಸಿರೆಗಳ ಸುತ್ತಲೂ. ಉಳಿದ ಹೆಪಟೋಸೈಟ್‌ಗಳು ಅಲ್ಲಲ್ಲಿ ಹೂವಿನಾಕಾರದಲ್ಲಿ ಸುತ್ತುಗಟ್ಟಿದ್ದವು. ಊದಿಕೊಂಡ ಹೆಪಟೋಸೈಟ್‌ಗಳನ್ನು ಮೊದಲು ಫ್ಯಾಟಿ ಲಿವರ್‌ನ ಬಲೂನಿಂಗ್ ಎಂದು ಗುರುತಿಸಿದ್ದೆ. ತೀವ್ರ ಹೆಪಟೈಟಿಸ್‌ನಲ್ಲಿ ಹೆಪಟೋಸೈಟ್ ಹಾಗೆಯೇ ಊದುತ್ತದೆ ಎಂಬುದು ನೆನಪಿದ್ದಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಈ ಕಾರಣಕ್ಕೇ ಫ್ಯಾಟಿ ಲಿವರ್‌ನ ಅಂಕಪದ್ಧತಿಯನ್ನು ಈ ಬಯಾಪ್ಸಿಗೆ ಅನ್ವಯಿಸಲಿಲ್ಲ.

ಬಯಾಪ್ಸಿ ಕಳುಹಿಸಿದ ಹೆಪಟಾಲಜಿಸ್ಟ್‌ಗೆ (ಯಕೃತ್ತಿನ ತಜ್ಞರಿಗೆ) ಫೋನ್ ಮಾಡಿದೆ. "ಮೇಡಂ, ಸ್ಟೇಜ್ ಎಷ್ಟು ಬಂತು?" ಎಂದು ಕೇಳಿದರು. "ಸ್ಟೇಜ್ ಆಮೇಲೆ ಹೇಳುತ್ತೇನೆ ಸರ್, ಐಜಿಜಿ ಬಂದಿದೆಯಾ ನೋಡಿ" ಎಂದೆ. ಅಂದು ಮಧ್ಯಾಹ್ನವಷ್ಟೇ ಬಂದಿತ್ತು. ಐಜಿಜಿ ಡೆಸಿಲೀಟರ್‌ಗೆ 2,680 ಮಿಲಿಗ್ರಾಂ, ಆಂಟಿನ್ಯೂಕ್ಲಿಯರ್ ಆಂಟಿಬಾಡಿ 1:320. ಎರಡೂ ಹೆಚ್ಚು, ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ಎರಗುವ ಆಟೋಇಮ್ಯೂನ್ ಹೆಪಟೈಟಿಸ್‌ನತ್ತ ಬೆರಳು ತೋರುವಂಥವು. ಇದೇ ಚಿತ್ರವನ್ನು ಕೆಲವು ಔಷಧಿಗಳೂ ಉಂಟುಮಾಡಬಲ್ಲವು, ನೈಟ್ರೋಫ್ಯುರಾಂಟಾಯಿನ್ ಮತ್ತು ಮಿನೋಸೈಕ್ಲಿನ್ ಅವುಗಳಲ್ಲಿ ಹೆಸರಾದವು. ಆದ್ದರಿಂದ ಕಳೆದ ಆರು ತಿಂಗಳಲ್ಲಿ ಆಕೆ ತೆಗೆದುಕೊಂಡ ಔಷಧಿ, ಗಿಡಮೂಲಿಕೆ, ಪುಡಿ, ಮಾತ್ರೆ ಎಲ್ಲವನ್ನೂ ಕೇಳಿ ತಿಳಿಯಬೇಕೆಂದು ವಿನಂತಿಸಿದೆ. ಮಧುಮೇಹದ ಮಾತ್ರೆಗಳ ಹೊರತು ಬೇರೇನೂ ಇರಲಿಲ್ಲ.

ವರದಿಯ ಮುಖ್ಯ ಭಾಗವನ್ನು ಹೀಗೆ ಬರೆದೆ: "ತೀವ್ರ ಸ್ವರೂಪದ ಹೆಪಟೈಟಿಸ್, ಪ್ಲಾಸ್ಮಾ ಕೋಶಗಳು ಹೇರಳ, ಸೇತುವೆಯಂಥ ನೆಕ್ರೋಸಿಸ್ (ಕೋಶಗಳ ಸಾವು) ಸಹಿತ, ಆಟೋಇಮ್ಯೂನ್ ಹೆಪಟೈಟಿಸ್‌ಗೆ ಹೊಂದುತ್ತದೆ. ಟ್ರೈಕ್ರೋಮ್‌ನಲ್ಲಿ ಕಾಣುವ ಸೇತುವೆ ಪಟ್ಟಿಗಳಲ್ಲಿ ಎಲಾಸ್ಟಿಕ್ ಎಳೆಗಳಿಲ್ಲ. ಅವು ಇತ್ತೀಚಿನ ಕುಸಿತ, ಸೆಪ್ಟಾ (ನಾರಿನ ಗೋಡೆಗಳು) ಅಲ್ಲ. ಹಳೆಯ ಫೈಬ್ರೋಸಿಸ್ ಪೋರ್ಟಲ್ ಭಾಗಕ್ಕೆ ಸೀಮಿತ, ಇಶಾಕ್ 2ಕ್ಕೆ ಸಮ. ಆದರೆ ತೀವ್ರ ಹಂತದಲ್ಲಿ ತೆಗೆದ ಮಾದರಿಯಾದ್ದರಿಂದ ಈ ಅಂಕಿಯನ್ನು ಮುಂದಿನ ಹೋಲಿಕೆಗೆ ಎಚ್ಚರದಿಂದ ಬಳಸಬೇಕು. ಸಿರೋಸಿಸ್‌ಗೆ ಆಧಾರ ಕಂಡಿಲ್ಲ. ಕೊಬ್ಬು ಶೇ 15, ಹಿನ್ನೆಲೆಯ ಬದಲಾವಣೆ."

ಮೂರು ಪರೀಕ್ಷೆಗಳು ಒಂದೇ ಮಾತು ಹೇಳಿದ್ದು ಏಕೆ

ಈ ಪ್ರಕರಣದಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ಇದು. ಸ್ಕ್ಯಾನ್, ಎಲಾಸ್ಟೋಗ್ರಫಿ, ಫಿಬ್-4 ಒಂದನ್ನೊಂದು ಸಮರ್ಥಿಸುವಂತೆ ಕಂಡಿದ್ದವು, ನಾಲ್ಕನೆಯದಾಗಿ ಟ್ರೈಕ್ರೋಮ್ ಕೂಡ ಸೇರಿಕೊಂಡಿತು. ನಾಲ್ಕು ಸಾಕ್ಷಿಗಳಿದ್ದಾಗ ತೀರ್ಪು ಸುಲಭ ಎನಿಸುತ್ತದೆ. ಆದರೆ ಆ ನಾಲ್ಕರಲ್ಲಿ ಮೂರರ ಹಿಂದೆ ಇದ್ದದ್ದು ಒಂದೇ ಘಟನೆ, ಹೆಪಟೋಸೈಟ್‌ಗಳ ಸಾಮೂಹಿಕ ಸಾವು. ಎಲಾಸ್ಟೋಗ್ರಫಿ ಅಳೆಯುವುದು ಬಿಗಿತವನ್ನು. ಉರಿಯೂತದಿಂದ ಊದಿಕೊಂಡ, ಪಿತ್ತ ಕಟ್ಟಿದ, ರಕ್ತ ತುಂಬಿ ನಿಂತ ಯಕೃತ್ತು ನಾರಿಲ್ಲದೆಯೂ ಬಿಗಿಯಾಗಿರುತ್ತದೆ. ಎಎಲ್‌ಟಿ ಸಾಮಾನ್ಯದ ಐದು ಪಟ್ಟು ದಾಟಿದ್ದಾಗ ಆ ಅಂಕಿಯಿಂದ ಹಂತ ಹೇಳಲಾಗದು. ಫಿಬ್-4ರ ಲೆಕ್ಕದಲ್ಲಿ ಎಎಸ್‌ಟಿ ಮೇಲೆ ಕೂತಿದೆ, ಎಎಲ್‌ಟಿ ವರ್ಗಮೂಲವಾಗಿ ಕೆಳಗೆ ಕೂತಿದೆ. ಎರಡೂ ಹತ್ತು ಪಟ್ಟು ಏರಿದರೆ ಅಂಕ ಮೂರು ಪಟ್ಟಿಗಿಂತ ಹೆಚ್ಚು ಏರುತ್ತದೆ, ನಾರು ಎಳ್ಳಷ್ಟೂ ಹೆಚ್ಚದೆ. ಟ್ರೈಕ್ರೋಮ್‌ನ ನೀಲಿಯೂ ಆ ಸಾವಿನ ಗುರುತೇ. ಉಳಿದ ಸ್ಕ್ಯಾನ್ ತೋರಿಸಿದ ಕೊಬ್ಬು ಮೊದಲಿನಿಂದ ಇದ್ದದ್ದು, ಅದು ಫ್ಯಾಟಿ ಲಿವರ್ ಎಂಬ ಚೌಕಟ್ಟನ್ನು ಒದಗಿಸಿತು. ಇದ್ದುದರಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಮಾತ್ರ ಬೇರೆ ದನಿಯಲ್ಲಿ ಮಾತಾಡಿತ್ತು. 1.92 ಲಕ್ಷ ಪ್ಲೇಟ್‌ಲೆಟ್, ಸಾಮಾನ್ಯ ಗಾತ್ರದ ಗುಲ್ಮ. ಅದನ್ನು ನಾವು ಯಾರೂ ಕೇಳಿಸಿಕೊಳ್ಳಲಿಲ್ಲ.

ಇಶಾಕ್ 5 ಎಂದು ವರದಿ ಹೋಗಿದ್ದರೆ ಏನಾಗುತ್ತಿತ್ತು ಎಂದು ಹೆಪಟಾಲಜಿಸ್ಟ್ ಜೊತೆ ಕೂತು ಮಾತಾಡಿದ್ದೇವೆ. ಅನ್ನನಾಳದ ರಕ್ತನಾಳಗಳು ಹಿಗ್ಗಿವೆಯೇ ಎಂದು ಎಂಡೋಸ್ಕೋಪಿ, ಆರು ತಿಂಗಳಿಗೊಮ್ಮೆ ಕ್ಯಾನ್ಸರ್ ಹುಡುಕುವ ಅಲ್ಟ್ರಾಸೌಂಡ್, ತೂಕ ಇಳಿಸುವ ಸಲಹೆ. ಇವೆಲ್ಲ ನಡೆಯುತ್ತಿದ್ದಾಗ ಒಳಗೆ ಆಟೋಇಮ್ಯೂನ್ ಹೆಪಟೈಟಿಸ್ ತನ್ನ ಪಾಡಿಗೆ ಉರಿಯುತ್ತಲೇ ಇರುತ್ತಿತ್ತು. ಐಜಿಜಿ ನೋಡಿದ ಮೇಲೆ ಅವರು ದಾರಿ ಬದಲಿಸುತ್ತಿದ್ದರು ಎಂಬುದು ನಿಜ. ಆಗಲೂ ಸಿರೋಸಿಸ್ ಎಂಬ ಹೆಸರು ಮಾತ್ರ ಕಡತದಿಂದ ಅಳಿಯುತ್ತಿರಲಿಲ್ಲ.

ಮುಂದಿನ ಎರಡು ವರ್ಷ

ಪ್ರೆಡ್ನಿಸೋಲೋನ್ ಶುರುಮಾಡಿ, ಕೆಲವು ವಾರಗಳ ನಂತರ ಅಜಥಯೋಪ್ರಿನ್ ಸೇರಿಸಲಾಯಿತು. ಸ್ಟಿರಾಯ್ಡ್‌ನಿಂದ ಸಕ್ಕರೆ ಏರಿ ಐದು ತಿಂಗಳು ಇನ್ಸುಲಿನ್ ಬೇಕಾಯಿತು. ಮೂರು ತಿಂಗಳಲ್ಲಿ ಬಿಲಿರುಬಿನ್, ಏಳು ತಿಂಗಳಲ್ಲಿ ಎಎಲ್‌ಟಿ ಮತ್ತು ಐಜಿಜಿ ಸಾಮಾನ್ಯಕ್ಕೆ ಬಂದವು. ಹದಿನೆಂಟನೆಯ ತಿಂಗಳಲ್ಲಿ ಯಕೃತ್ತಿನ ಬಿಗಿತ 7.1 ಕಿಲೋಪಾಸ್ಕಲ್. ಸಿರೋಸಿಸ್ ಎನಿಸಿದ್ದ ಯಕೃತ್ತು ಒಂದೂವರೆ ವರ್ಷದಲ್ಲಿ ಇಷ್ಟು ಮೆದುವಾಗಿತ್ತು.

26ನೆಯ ತಿಂಗಳಲ್ಲಿ ಔಷಧಿ ಇಳಿಸಬಹುದೇ ಎಂದು ನಿರ್ಧರಿಸಲು ಎರಡನೆಯ ಬಯಾಪ್ಸಿ ಮಾಡಲಾಯಿತು. 25 ಮಿಲಿಮೀಟರ್ ಉದ್ದದ ಒಂದೇ ತುಂಡು, 14 ಪೋರ್ಟಲ್ ಟ್ರ್ಯಾಕ್ಟ್‌ಗಳು. ಉರಿಯೂತ ಬಹುತೇಕ ಇರಲಿಲ್ಲ. ಹಳೆಯ ಪಟ್ಟಿಗಳಿದ್ದಂಥ ಜಾಗಗಳಲ್ಲಿ ಹೆಪಟೋಸೈಟ್‌ಗಳು ಮತ್ತೆ ಬೆಳೆದಿದ್ದವು. ರೆಟಿಕ್ಯುಲಿನ್‌ನಲ್ಲಿ ಸಾಲುಗಳು ಎರಡು ಕೋಶದಷ್ಟು ದಪ್ಪವಾಗಿದ್ದು, ಅಲ್ಲಿ ಮರುಬೆಳವಣಿಗೆ ನಡೆದಿತ್ತೆಂದು ತೋರಿಸುತ್ತಿದ್ದವು. ಆದರೆ ಒಂದು ಕಡೆ ಎರಡು ಪೋರ್ಟಲ್ ಟ್ರ್ಯಾಕ್ಟ್‌ಗಳ ನಡುವೆ ತೆಳ್ಳಗಿನ ನೀಲಿ ಎಳೆಯೊಂದು ಉಳಿದಿತ್ತು. ಈ ಸಲ ನೀಲಿ ಗಾಢವಾಗಿತ್ತು, ಅಂಚು ಸ್ಪಷ್ಟವಾಗಿತ್ತು, ಓರ್ಸೀನ್‌ನಲ್ಲಿ ತುದಿಯಿಂದ ತುದಿಗೆ ಕಂದು ಗೆರೆ ಹರಿದಿತ್ತು. ಕುಸಿದ ಜಾಲವೆಲ್ಲ ಮರಳಿ ಬಿಡಿಸಿಕೊಳ್ಳುವುದಿಲ್ಲ, ಕೆಲವು ಕಡೆ ಅದೇ ನಾರಾಗಿ ಗಟ್ಟಿಯಾಗುತ್ತದೆ. ನಿಯಮದಂತೆ ಹಂತ ಬರೆದರೆ ಇದು ಇಶಾಕ್ 3.

"ಎರಡಿದ್ದದ್ದು ಮೂರಾಯಿತೇ ಮೇಡಂ? ಔಷಧಿ ಇಳಿಸುವುದು ಬೇಡವೇ?" ಎಂದು ಹೆಪಟಾಲಜಿಸ್ಟ್ ಕೇಳಿದರು. ಅಂಕಿಗಳನ್ನು ಮಾತ್ರ ನೋಡಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಎರಡೂ ಬಯಾಪ್ಸಿಗಳ ಸ್ಲೈಡ್‌ಗಳನ್ನು ಇಬ್ಬರು ಕೂತು ನೋಡುವ ಸೂಕ್ಷ್ಮದರ್ಶಕದಲ್ಲಿ ಒಂದರ ನಂತರ ಒಂದಿಟ್ಟು ಅವರಿಗೆ ತೋರಿಸಿದೆ. ಇಶಾಕ್ ಹಂತಗಳು ಮೆಟ್ಟಿಲುಗಳ ಹೆಸರುಗಳು, ನಾರಿನ ತೂಕವಲ್ಲ. ಒಂದೇ ಒಂದು ತೆಳು ಸೇತುವೆ ಇದ್ದರೂ ಮೂರನೆಯ ಮೆಟ್ಟಿಲು, ಸೇತುವೆಯಿಲ್ಲದೆ ಎಲ್ಲ ಪೋರ್ಟಲ್ ಟ್ರ್ಯಾಕ್ಟ್‌ಗಳೂ ಹಿಗ್ಗಿದ್ದರೂ ಎರಡನೆಯ ಮೆಟ್ಟಿಲು. ಸೂಜಿ ಮೊದಲ ಸಲ ಹೋಗದ ಜಾಗಕ್ಕೆ ಈ ಸಲ ಹೋಗಿರುವ ಸಾಧ್ಯತೆಯೂ ಇದೆ. ಎರಡನೆಯ ವರದಿಯಲ್ಲಿ ಹಂತದ ಅಂಕಿಯ ಕೆಳಗೆ ಈ ಸಾಲುಗಳನ್ನು ಸೇರಿಸಿದೆ: "ಹಿಂದಿನ ಬಯಾಪ್ಸಿಯ ಸ್ಲೈಡ್‌ಗಳೊಂದಿಗೆ ನೇರವಾಗಿ ಹೋಲಿಸಲಾಗಿದೆ. ಕುಸಿತದ ಪ್ರದೇಶಗಳು ಬಹುತೇಕ ತುಂಬಿಕೊಂಡಿವೆ. ಒಂದು ತೆಳುವಾದ ಪೋರ್ಟಲ್-ಪೋರ್ಟಲ್ ಸೆಪ್ಟಮ್ ಉಳಿದಿದೆ, ಬಹುಶಃ ಹಿಂದಿನ ಕುಸಿತದ ಶೇಷ. ಅಂಕಿಯಲ್ಲಿನ ಏರಿಕೆಯನ್ನು ರೋಗ ಮುಂದುವರಿದಿದೆ ಎಂದು ಅರ್ಥೈಸಬಾರದು."

ಅಜಥಯೋಪ್ರಿನ್ ಮುಂದುವರಿಸಿ, ಪ್ರೆಡ್ನಿಸೋಲೋನ್ ನಿಧಾನವಾಗಿ ಇಳಿಸಿ ನಿಲ್ಲಿಸಲಾಯಿತು. ಆ ಎರಡೂ ಬಯಾಪ್ಸಿಗಳ ಓರ್ಸೀನ್ ಸ್ಲೈಡ್‌ಗಳನ್ನು ಒಂದೇ ಟ್ರೇಯಲ್ಲಿ ಇಟ್ಟಿದ್ದೇನೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಯಕೃತ್ತಿನ ಟ್ರೈಕ್ರೋಮ್ ನೋಡಲು ಬಂದಾಗ ಮೊದಲನೆಯ ಬಯಾಪ್ಸಿಯ ಟ್ರೈಕ್ರೋಮನ್ನು ಮೊದಲು ಕೊಟ್ಟು, ಹಂತ ಎಷ್ಟೆಂದು ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆಯಲು ಹೇಳುತ್ತೇನೆ. ಆಮೇಲೆ ಆ ಟ್ರೇ ತೆರೆಯುತ್ತೇನೆ.